ಮಳೆಯಲ್ಲಿ ಪೆಡಲ್ ಮೇಲಿಂದ ಕಾಲು ಜಾರುತ್ತಿದ್ದರೆ: ದೋಷ ಪತ್ತೆ ಮತ್ತು ಪರಿಹಾರ

ಮಳೆಯಲ್ಲಿ ಪೆಡಲ್ ಮೇಲಿಂದ ಕಾಲು ಜಾರಿತೆಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಶೂ ತರುವುದು. ಅದೂ ಅಡಿಯಲ್ಲಿ ಆಳವಾದ ಗಟ್ಟೆಗಳಿರುವ, ಚಾರಣಕ್ಕೆ ಹಾಕುವಂಥ ಶೂ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮತ್ತೆ ಜಾರುತ್ತದೆ, ಪೆಡಲ್ ಬಂದು ಕಣಕಾಲಿಗೆ ಬಡಿಯುತ್ತದೆ. ನೆಲದ ಮೇಲೆ ಹಿಡಿತ ಕೊಡುವ ಅಟ್ಟೆ ಪೆಡಲ್ ಮೇಲೂ ಹಿಡಿತ ಕೊಟ್ಟೀತು ಎಂಬ ಲೆಕ್ಕವೇ ಇಲ್ಲಿ ತಪ್ಪುವುದು. ಕೆಸರಿನಲ್ಲಿ ಶೂವಿನ ಗಟ್ಟೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಪೆಡಲ್ ಗಟ್ಟಿ ವಸ್ತು, ಅದರೊಳಕ್ಕೆ ಏನೂ ಇಳಿಯುವುದಿಲ್ಲ. ಅಲ್ಲಿ ಕೆಲಸ ತಿರುಗುಮುರುಗು: ಪೆಡಲಿನ ಮೇಲೆ ಎದ್ದಿರುವ ಪಿನ್ನೇ (ಮೊಳೆಯಂಥ ಮೊನೆ) ಅಟ್ಟೆಯೊಳಕ್ಕೆ ಇಳಿಯಬೇಕು. ಅದು ಇಳಿಯದಿದ್ದರೆ ಎರಡರ ನಡುವೆ ನೀರಿನ ಪೊರೆ ಉಳಿದುಕೊಳ್ಳುತ್ತದೆ, ಆ ಪೊರೆಯ ಮೇಲೆ ಎಂಥ ದುಬಾರಿ ಶೂ ಆದರೂ ಜಾರುವುದೇ.

ಹಾಗಾಗಿ ಶೂ ಮತ್ತು ಪೆಡಲ್ ಎರಡನ್ನೂ ಜೋಡಿಯಾಗಿ ನೋಡಬೇಕು, ಬಿಡಿಬಿಡಿಯಾಗಿ ಅಲ್ಲ. ಅದಕ್ಕೂ ಮೊದಲು, ಜಾರಿದ್ದು ನಿಜಕ್ಕೂ ಕಾಲೇ ಎಂಬುದು ಖಚಿತವಾಗಬೇಕು.

ಜಾರಿದ್ದು ಕಾಲೋ, ಚೈನೋ?

ಇವೆರಡನ್ನು ಗೊಂದಲ ಮಾಡಿಕೊಳ್ಳುವುದು ತುಂಬ ಸಾಮಾನ್ಯ. ಕಾಲು ಜಾರಿದಾಗ ಪೆಡಲ್ ಇದ್ದಲ್ಲೇ ಇರುತ್ತದೆ, ಪಾದ ಮುಂದಕ್ಕೋ ಪಕ್ಕಕ್ಕೋ ಹೋಗುತ್ತದೆ. ಚೈನ್ ಹಾರಿದಾಗ ಅಥವಾ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) ಹಿಡಿತ ಬಿಟ್ಟಾಗ ‘ಕಟಕ್’ ಎಂದು ಸದ್ದಾಗಿ ಪೆಡಲೇ ಕೆಳಕ್ಕೆ ಕುಸಿಯುತ್ತದೆ, ಅದರ ಹಿಂದೆಯೇ ಪಾದ ಜಾರುತ್ತದೆ. ಸವಾರನಿಗೆ ನೆನಪಿರುವುದು ಕಾಲು ಜಾರಿದ್ದು ಮಾತ್ರ.

ಪರೀಕ್ಷೆ ಸುಲಭ. ಸೈಕಲ್ಲಿನ ಬಲಕ್ಕೆ ನಿಂತು ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯಿರಿ. ಬಲಗಡೆ ಕ್ರ್ಯಾಂಕ್ (ಪೆಡಲ್ ಕೂತಿರುವ ತೋಳು) ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿರಲಿ. ಒಂದು ಕಾಲು ನೆಲದ ಮೇಲಿಟ್ಟುಕೊಂಡು ಇನ್ನೊಂದರಿಂದ ಪೆಡಲನ್ನು ಮೇಲಿನಿಂದ ಜೋರಾಗಿ ಅದುಮಿ. ಬ್ರೇಕ್ ಬಿಟ್ಟು ಚಕ್ರವನ್ನು ಸ್ವಲ್ಪ ಉರುಳಿಸಿ ಮತ್ತೆ ಅದುಮಿ. ಹೀಗೆ ಏಳೆಂಟು ಬೇರೆ ಬೇರೆ ಸ್ಥಾನಗಳಲ್ಲಿ ನೋಡಿ, ಏಕೆಂದರೆ ಸವೆದ ಹಲ್ಲು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಲ್ಲಾದರೂ ಕ್ರ್ಯಾಂಕ್ ಥಟ್ಟನೆ ಕುಸಿದರೆ ಶೂ ಬದಲಿಸಿ ಉಪಯೋಗವಿಲ್ಲ.

ಆಗ ಚೈನ್ ಅಳೆಯಿರಿ. ಸೈಕಲ್ ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಬರುತ್ತವೆ. ಚೈನನ್ನು ಬಿಗಿ ಹಿಡಿದು ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. 24 ಕೊಂಡಿಯ ಆಚೆಗಿನ ಪಿನ್ನು 12 ಇಂಚಿನ ಗೆರೆಯಿಂದ 1/16 ಇಂಚು ಮುಂದಿದ್ದರೆ ಚೈನ್ ಬದಲಿಸುವ ಹೊತ್ತು. 1/8 ಇಂಚು ಮುಂದಿದ್ದರೆ ಫ್ರೀವೀಲಿನ ಹಲ್ಲುಗಳೂ ಹೋಗಿರುತ್ತವೆ. ಹೊಸ ಚೈನ್ ಒಂದನ್ನೇ ಹಾಕಿದರೆ ಮೊದಲಿಗಿಂತ ಹೆಚ್ಚು ಹಾರುತ್ತದೆ.

ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯಲು ಕಾಟರ್ ಪಿನ್ ಎಂಬ ಬೆಣೆ ಇರುವ ಹಳೆಯ ಮಾದರಿಯ ಕಪ್ಪು ಸೈಕಲ್ಲಿನಲ್ಲಿ ಇನ್ನೊಂದು ಕಾರಣವಿದೆ. ಎರಡೂ ಕ್ರ್ಯಾಂಕ್‌ಗಳನ್ನು ಪಕ್ಕದಿಂದ ನೋಡಿದರೆ ಒಂದೇ ಗೆರೆಯಲ್ಲಿರಬೇಕು. ಒಂದು ಕ್ರ್ಯಾಂಕ್ ವಾಲಿದ್ದರೆ, ಅಥವಾ ಒಂದು ಸುತ್ತಿಗೆ ಎರಡು ಸಲ ಕುಟ್ಟಿದಂತೆ ಕಾಲಿಗೆ ತಿಳಿದರೆ, ಕಾಟರ್ ಪಿನ್ ಸಡಿಲವಾಗಿದೆ ಅಥವಾ ಸವೆದಿದೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ದಪ್ಪದ್ದನ್ನು ತನ್ನಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಸುತ್ತಿಗೆಯಿಂದ ಹೊಡೆದು ಕೂರಿಸಿ, ಆಮೇಲೆ ನಟ್ ಬಿಗಿಯಬೇಕು. ಬರೀ ನಟ್ ತಿರುಗಿಸಿ ಪಿನ್ನನ್ನು ಎಳೆಯಲು ಹೋದರೆ ಥ್ರೆಡ್ ಕಿತ್ತು ಬರುತ್ತದೆ. ಕೆಲವು ಕಿ.ಮೀ. ಓಡಿಸಿದ ಮೇಲೆ ಪಿನ್ನು ಇನ್ನಷ್ಟು ಒಳಗೆ ಕೂರುವುದರಿಂದ ಮತ್ತೊಮ್ಮೆ ಹೊಡೆದು ಬಿಗಿಯಿರಿ.

ಪುಕ್ಕಟೆ ಕಾರಣಗಳು

ಚೈನ್ ಸರಿಯಿದೆ, ಜಾರುವುದು ಕಾಲೇ ಎಂದಾದರೆ ಖರ್ಚಿಲ್ಲದ ಕಾರಣಗಳನ್ನು ಮೊದಲು ತೆಗೆದುಹಾಕಿ.

ರೈನ್‌ಕೋಟಿನ ಪ್ಯಾಂಟು ಇವುಗಳಲ್ಲಿ ಮೊದಲನೆಯದು. ಅದರ ಕೆಳಅಂಚು ಉದ್ದವಾಗಿದ್ದು ಅಟ್ಟೆಯ ಕೆಳಗೆ ಸೇರಿಕೊಂಡರೆ, ಪೆಡಲ್ ಮೇಲೆ ಇರುವುದು ಶೂ ಅಲ್ಲ, ಒದ್ದೆ ಪ್ಲಾಸ್ಟಿಕ್ಕು. ಹಿಮ್ಮಡಿಯ ಕಡೆಯಿಂದ ಸ್ವಲ್ಪವೇ ಒಳಗೆ ಬಂದಿದ್ದರೂ ಸಾಕು. ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಉಂಗುರ ಕತ್ತರಿಸಿ ಕಾಲಿನ ಗಂಟಿನ ಮೇಲೆ ಹಾಕಿಕೊಂಡರೆ ಅಂಚು ಕೆಳಗಿಳಿಯುವುದಿಲ್ಲ. ಬಲಗಾಲಿನಲ್ಲಿ ಚೈನಿಗೆ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ಎರಡನೆಯದು ಶೂ ಮೇಲೆ ಹಾಕುವ ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಕವರು. ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವವರು ಶೂ ನೆನೆಯಬಾರದೆಂದು ಇದನ್ನು ಹಾಕುತ್ತಾರೆ. ಅದರ ಅಡಿಭಾಗ ಒದ್ದೆಯಾದಾಗ ಭಾರಿ ನುಣುಪು, ಪಿನ್ ಇರುವ ಪೆಡಲ್ ಆದರೆ ಒಂದೇ ವಾರದಲ್ಲಿ ತೂತು ಬೀಳುತ್ತದೆ. ಪಾದ ಒಣಗಿರಬೇಕೆಂದರೆ ಒಳಗಿನಿಂದ ಮುಚ್ಚಿ: ತೆಳು ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ತೆಳು ಕಾಲುಚೀಲ, ಆಮೇಲೆ ಶೂ. ಹೊರಗಿನ ಕಾಲುಚೀಲ ಬಿಟ್ಟರೆ ಪ್ಲಾಸ್ಟಿಕ್ಕು ಶೂವಿನೊಳಗೇ ಜಾರಲು ಶುರುಮಾಡುತ್ತದೆ.

ಮೂರನೆಯದು ಎಣ್ಣೆ. ಮುಂಗಾರಿಗೆ ಮೊದಲು ಬೀಳುವ ಮೇ ತಿಂಗಳ ಮಳೆಯಲ್ಲಿ ಇದು ಹೆಚ್ಚು. ರಸ್ತೆಯಲ್ಲಿ ತಿಂಗಳುಗಟ್ಟಲೆ ಕೂತ ಎಣ್ಣೆ, ಟೈರಿನ ಪುಡಿ ಎಲ್ಲ ಮೇಲೆದ್ದು ಬರುತ್ತದೆ. ಸಿಗ್ನಲ್ಲಿನಲ್ಲಿ ಕಾಲೂರಿದ ಜಾಗದಿಂದ ಅಟ್ಟೆಗೆ ಹತ್ತಿ, ಅಲ್ಲಿಂದ ಪೆಡಲಿಗೆ ಬರುತ್ತದೆ. ಚೈನಿಗೆ ಎಣ್ಣೆ ಹಾಕುವಾಗ ಪೆಡಲ್ ಮೇಲೆ ತೊಟ್ಟಿಕ್ಕಿದ್ದು, ಸೈಕಲ್ ಹೊಳೆಯಲೆಂದು ಸಿಲಿಕೋನ್ ಪಾಲಿಶ್ ಸ್ಪ್ರೇ ಹೊಡೆದದ್ದು ಕೂಡ ಇದೇ ಲೆಕ್ಕಕ್ಕೆ. ಕೀರಲು ಸದ್ದು ನಿಲ್ಲಲೆಂದು ಪೆಡಲಿಗೆ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸವಿದ್ದರೆ ಬಿಡಿ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಪೆಡಲ್ ಮತ್ತು ಅಟ್ಟೆ ಎರಡನ್ನೂ ಉಜ್ಜಿ, ನೊರೆ ಉಳಿಯದಂತೆ ತೊಳೆಯಿರಿ. ಉಳಿದ ಸೋಪೇ ಮುಂದಿನ ಮಳೆಯಲ್ಲಿ ಜಾರಿಸುತ್ತದೆ.

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ ನಡೆದು ಬಂದು ಸೈಕಲ್ ಹತ್ತಿದರೆ ಅಟ್ಟೆಯ ಸಂದುಗಳಲ್ಲಿ ಕೆಮ್ಮಣ್ಣು ಮೆತ್ತಿರುತ್ತದೆ. ಆಗ ಪಿನ್ನು ರಬ್ಬರಿಗೆ ತಾಗುವ ಬದಲು ಜೇಡಿಗೆ ತಾಗುತ್ತದೆ. ಹತ್ತುವ ಮೊದಲು ಅಟ್ಟೆಯನ್ನು ಪೆಡಲಿನ ಅಂಚಿಗೆ ಎರಡು ಸಲ ಕೆರೆದರೆ ಮಣ್ಣು ಉದುರುತ್ತದೆ.

ಶೂ ಒಳಗೇ ಪಾದ ಜಾರುವುದು

ಇದನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯ. ಹವಾಯಿ ಚಪ್ಪಲಿ ಹಾಕಿ ತುಳಿಯುವವರಲ್ಲಿ ಜಾರುವುದು ಬಹುಪಾಲು ಇಲ್ಲಿಯೇ: ಚಪ್ಪಲಿ ಪೆಡಲ್ ಮೇಲೆ ಕೂತೇ ಇರುತ್ತದೆ, ಒದ್ದೆ ಪಾದ ಚಪ್ಪಲಿಯ ಮೇಲೆ ಮುಂದಕ್ಕೆ ಹೋಗುತ್ತದೆ, ಉಂಗುಷ್ಟದ ಪಟ್ಟಿ ಬುಡದಿಂದ ಕಿತ್ತು ಬರುತ್ತದೆ. ಶೂವಿನಲ್ಲೂ ಅಷ್ಟೆ, ಒಳಅಟ್ಟೆಯ ಮೇಲ್ಮೈ ನುಣುಪಾಗಿದ್ದು ನೀರು ನಿಂತರೆ ಪಾದ ಒಳಗೇ ಓಡಾಡುತ್ತದೆ.

ಪತ್ತೆ ಹಚ್ಚಲು ಶೂ ಒದ್ದೆಯಿರುವಾಗಲೇ ಪೆಡಲ್ ಮೇಲೆ ಪಾದ ಇಟ್ಟು ಭಾರ ಹಾಕಿ ಹಿಮ್ಮಡಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಅಟ್ಟೆ ಅಲುಗದೆ ಹಿಮ್ಮಡಿ ಮಾತ್ರ ಶೂವಿನೊಳಗೆ ತಿರುಗಿದರೆ ದೋಷ ಒಳಗಿದೆ. ಒಳಅಟ್ಟೆ ಬದಲಿಸಿ, ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ, ನೀರು ಹೀರಿಕೊಂಡು ಜೋಲುವ ದಪ್ಪ ಹತ್ತಿಯ ಕಾಲುಚೀಲದ ಬದಲು ತೆಳುವಾದ ಸಿಂಥೆಟಿಕ್ ಅಥವಾ ಉಣ್ಣೆಯದನ್ನು ಹಾಕಿ. ಚಪ್ಪಲಿಯೇ ಬೇಕು ಎನ್ನುವವರಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆಗಬಹುದು. ಹವಾಯಿ ಚಪ್ಪಲಿಯನ್ನು ಸರಿಮಾಡುವ ಉಪಾಯ ಇಲ್ಲ.

ಸೀಮೆಸುಣ್ಣದ ಪರೀಕ್ಷೆ

ಶೂ ಮತ್ತು ಪೆಡಲ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ತಿಳಿಯುವುದಿಲ್ಲ. ಒಂದು ಸೀಮೆಸುಣ್ಣದ ತುಂಡು ಬೇಕು. ಎರಡೂ ಒಣಗಿರಲಿ. ಪೆಡಲಿನ ಮೇಲ್ಮೈಯಲ್ಲಿ ಎದ್ದಿರುವ ಎಲ್ಲ ಪಿನ್ ಅಥವಾ ಗುಬುಟುಗಳ ತುದಿಗೆ ಸೀಮೆಸುಣ್ಣ ದಟ್ಟವಾಗಿ ಉಜ್ಜಿ. ಗೋಡೆ ಹಿಡಿದುಕೊಂಡು ಸೈಕಲ್ ಮೇಲೆ ಕೂತು, ಓಡಿಸುವಾಗ ಇಡುವಂತೆಯೇ ಪಾದ ಇಟ್ಟು, ಒಮ್ಮೆ ಪೂರ್ತಿ ಭಾರ ಹಾಕಿ ನೇರವಾಗಿ ಮೇಲೆತ್ತಿ. ಈಗ ಅಟ್ಟೆ ತಿರುಗಿಸಿ ನೋಡಿ.

ಬಿಳಿ ಚುಕ್ಕೆಗಳು ಅಟ್ಟೆಯ ಅಗಲಕ್ಕೂ ಹರಡಿ, ಪೆಡಲಿನ ಪಿನ್‌ಗಳ ಮುಕ್ಕಾಲು ಪಾಲಾದರೂ ಮೂಡಿದ್ದರೆ ಜೋಡಿ ಚೆನ್ನಾಗಿದೆ. ಎರಡು ಮೂರು ಚುಕ್ಕೆ ಮಾತ್ರ ಇದ್ದರೆ, ಅವೂ ಗಟ್ಟೆಗಳ ನೆತ್ತಿಯ ಮೇಲಿದ್ದರೆ, ಉಳಿದ ಪಿನ್‌ಗಳು ಗಟ್ಟೆಗಳ ನಡುವಿನ ಕಂದಕದಲ್ಲಿ ಗಾಳಿಯಲ್ಲೇ ನಿಂತಿವೆ ಎಂದರ್ಥ; ಮಳೆಯಲ್ಲಿ ಆ ಶೂ ಆ ಪೆಡಲಿಗೆ ಆಗದು. ಚುಕ್ಕೆಗಳೆಲ್ಲ ಪಾದದ ನಡುವಿನ ಕಮಾನಿನ ಬಳಿ ಇದ್ದರೆ ಪಾದ ತೀರ ಮುಂದಿದೆ, ಬೆರಳುಗಳ ಕೆಳಗಿದ್ದರೆ ತೀರ ಹಿಂದಿದೆ. ಇರಬೇಕಾದ್ದು ಹೆಬ್ಬೆರಳ ಬುಡದ ಉಬ್ಬಿನ ಕೆಳಗೆ, ಅಥವಾ ಅದಕ್ಕಿಂತ ಒಂದು ಬೆರಳಷ್ಟು ಹಿಂದೆ. ಪೆಡಲಿನ ನಡುವೆ ಅಚ್ಚು ಹಾದುಹೋಗುವ ಕಡೆ ಮಾತ್ರ ಒಂದು ಬಿಳಿ ಪಟ್ಟೆ ಮೂಡಿದರೆ ಪೆಡಲಿನ ಹೊಟ್ಟೆ ಉಬ್ಬಿದೆ. ಅಂಥದ್ದರ ಮೇಲೆ ಪಾದ ಹಿಂದೆ ಮುಂದೆ ತೂಗುತ್ತದೆ.

ಪೆಡಲ್: ಯಾವುದರಲ್ಲಿ ಏನು ಕೆಡುತ್ತದೆ

ರಬ್ಬರ್ ಕಟ್ಟೆಯ ಪೆಡಲ್. ಹಾಲು, ಪೇಪರ್ ಹಾಕುವವರ ಸೈಕಲ್ಲಿನಲ್ಲಿ ಈಗಲೂ ಕಾಣುವುದು ಇದೇ. ಹೊಸದರಲ್ಲಿ ಮೆತ್ತಗಿರುವ ರಬ್ಬರು ಬಿಸಿಲಿಗೆ, ಗಾಳಿಗೆ ಗಡುಸಾಗಿ ಮೇಲೆ ಹೊಳಪು ಪೊರೆ ಕಟ್ಟುತ್ತದೆ. ಒಣಗಿದ್ದಾಗ ಗೊತ್ತಾಗುವುದಿಲ್ಲ, ಒದ್ದೆಯಾದರೆ ಪಾಚಿ ಕಟ್ಟಿದ ಅಂಗಳದ ಕಲ್ಲಿನ ಹಾಗೆ. ಹೆಬ್ಬೆರಳ ಉಗುರಿನಿಂದ ಒತ್ತಿ: ಗುರುತು ಬಿದ್ದು ತಾನಾಗಿ ಮಾಯವಾದರೆ ರಬ್ಬರಿಗೆ ಜೀವ ಇದೆ, ಗುರುತೇ ಬೀಳದಿದ್ದರೆ ಮುಗಿದಿದೆ. ಜೀವ ಇರುವ ರಬ್ಬರಿಗೆ 80 ನಂಬರಿನ ಉಪ್ಪುಕಾಗದ ಹಿಡಿದು ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ. ಆಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಈಗಿರುವ ಗೆರೆಗಳಿಗೆ ಅಡ್ಡಲಾಗಿ, ಸುಮಾರು 10 ಮಿ.ಮೀ.ಗೆ ಒಂದರಂತೆ, 2 ಮಿ.ಮೀ. ಆಳದ ಗೆರೆ ಕೊಯ್ಯಿರಿ. ಪಾದದ ಕೆಳಗಿನ ನೀರು ಹೊರಹೋಗಲು ಎರಡೂ ಕಡೆ ದಾರಿಯಾಗುತ್ತದೆ. ಇನ್ನೊಂದು ದೋಷ ಈ ಪೆಡಲಿಗೇ ವಿಶೇಷ: ರಬ್ಬರ್ ಕಟ್ಟೆ ತನ್ನ ಸರಳಿನ ಮೇಲೆ ತಿರುಗುವುದು. ಕೈಯಲ್ಲಿ ಹಿಡಿದು ತಿರುಚಿ ನೋಡಿ. ತಿರುಗಿದರೆ ತುದಿಯ ನಟ್ ಬಿಗಿಯಿರಿ. ತೂತು ದೊಡ್ಡದಾಗಿ ಆಗಲೂ ತಿರುಗುತ್ತಿದ್ದರೆ ಕಟ್ಟೆ ಬದಲಿಸಬೇಕು.

ಪ್ಲಾಸ್ಟಿಕ್ ಪೆಡಲ್. ಮಕ್ಕಳ ಸೈಕಲ್ಲಿಗೂ ಅಗ್ಗದ ಗೇರ್ ಸೈಕಲ್ಲಿಗೂ ಕಂಪನಿಯಿಂದಲೇ ಬರುವುದು ಸಾಮಾನ್ಯವಾಗಿ ಇದು. ಮೇಲಿನ ಗುಬುಟುಗಳು ಹೊಸದರಲ್ಲೇ ಕುಳ್ಳಗೆ, ಒಂದೆರಡು ವರ್ಷದಲ್ಲಿ ದುಂಡಗಾಗುತ್ತವೆ. ಸವೆದ ಮೇಲೆ ದುರಸ್ತಿ ಇಲ್ಲ. ತಾತ್ಕಾಲಿಕವಾಗಿ ಮೆಟ್ಟಿಲಿಗೆ ಹಚ್ಚುವ ಉಪ್ಪುಕಾಗದದಂಥ ಆಂಟಿ-ಸ್ಕಿಡ್ ಟೇಪ್ ಅಂಟಿಸಬಹುದು. ಪೆಡಲನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ (ಚೂಪು ಮೂಲೆಯಿಂದಲೇ ಅದು ಏಳುವುದು), ಒತ್ತಿ ಹಚ್ಚಿ ಒಂದು ದಿನ ನೀರು ತಾಗಿಸಬೇಡಿ. ಒಂದು ಮಳೆಗಾಲ ಪೂರ್ತಿ ಬಾಳುತ್ತದೆಂದು ನಂಬಬೇಡಿ.

ಹಲ್ಲಿನ ಅಂಚಿರುವ ಲೋಹದ ಚೌಕಟ್ಟಿನ ಪೆಡಲ್. ಹಲ್ಲು ಚೂಪಾಗಿರುವವರೆಗೆ ಮಳೆಯಲ್ಲಿ ಒಳ್ಳೆಯದು, ಕೆಸರೂ ನಿಲ್ಲುವುದಿಲ್ಲ. ಭಾರ ಎರಡು ಕಿರಿದಾದ ಅಂಚುಗಳ ಮೇಲೆ ಬೀಳುವುದರಿಂದ ತೆಳು ಅಟ್ಟೆಯ ಶೂ ಹಾಕಿದರೆ ಅಂಗಾಲು ನೋಯುತ್ತದೆ. ಹಲ್ಲು ಮೊಂಡಾಗಿದ್ದರೆ ಮುಕ್ಕೋಣದ ಅರದಿಂದ ಸಂದುಗಳನ್ನು ಆಳ ಮಾಡಬಹುದು.

ಪಿನ್ ಇರುವ ಚಪ್ಪಟೆ ಪೆಡಲ್. ಮಳೆಗಾಲಕ್ಕೆ ಹೊಸದಾಗಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಬೇರೆ ಯೋಚನೆ ಬೇಡ. ನೋಡಬೇಕಾದ್ದು ಇವು: ಸುಮಾರು 100 ಮಿ.ಮೀ. ಅಗಲ, 100 ಮಿ.ಮೀ. ಉದ್ದ, ಒಂದೊಂದು ಬದಿಗೆ ಎಂಟರಿಂದ ಹತ್ತು ಪಿನ್ನು, ಪಿನ್ನು ಮೈಯಿಂದ 4 ಮಿ.ಮೀ.ನಷ್ಟು ಎದ್ದಿರಬೇಕು, ಮುಂದಿನ ಮತ್ತು ಹಿಂದಿನ ಅಂಚು ನಡುವಿಗಿಂತ ಎತ್ತರವಾಗಿ, ಪಾದ ತಗ್ಗಿನಲ್ಲಿ ಕೂತಂತಿರಬೇಕು. ಮೈ ಅಲ್ಯೂಮಿನಿಯಮ್ಮೋ ನೈಲಾನೋ ಎಂಬುದು ಹಿಡಿತದ ಮಟ್ಟಿಗೆ ಮುಖ್ಯವಲ್ಲ. ನೈಲಾನ್ ಮೈಯಲ್ಲಿ ಉಕ್ಕಿನ ಪಿನ್ ಕೂರಿಸಿದ್ದು ಹಗುರ, ಮೈಗೆ ತುಕ್ಕಿಲ್ಲ, ಬೆಲೆಯೂ ಕಡಿಮೆ. ಪಿನ್ನೂ ನೈಲಾನಿನದೇ ಆಗಿ ಮೈಯೊಂದಿಗೇ ಎರಕವಾಗಿದ್ದರೆ ಬಿಡಿ, ಅದು ಸವೆದರೆ ಪೆಡಲೇ ಹೋದಂತೆ. 2 ಮಿ.ಮೀ.ಗಿಂತ ಕುಳ್ಳ ಪಿನ್ ಒದ್ದೆಯಲ್ಲಿ ಇದ್ದೂ ಇಲ್ಲದಂತೆ. 6 ಮಿ.ಮೀ. ದಾಟಿದರೆ ಪಾದವನ್ನು ಸ್ವಲ್ಪ ಸರಿಸಬೇಕೆಂದರೂ ಪೂರ್ತಿ ಎತ್ತಬೇಕಾಗುತ್ತದೆ, ಕಣಕಾಲಿಗೆ ತಾಗಿದಾಗ ಆಳವಾಗಿ ಕೊಯ್ಯುತ್ತದೆ.

ಈ ಪೆಡಲಿನಲ್ಲಿ ಕೆಡುವುದು ಪಿನ್ನೇ. ನಾಲ್ಕು ಮೂಲೆಗಳ ಪಿನ್‌ಗಳು ಮೊದಲು ಕಲ್ಲಿಗೆ ತಾಗಿ ಉದುರುತ್ತವೆ ಅಥವಾ ಬಾಗುತ್ತವೆ, ಪಾದವನ್ನು ಅಂಚಿನಲ್ಲಿ ತಡೆಯುವುದೂ ಅವೇ. ಮೂಲೆಯಲ್ಲಿ ಎರಡು ಪಿನ್ ಹೋದರೆ ಉಳಿದ ಎಂಟು ಗಟ್ಟಿಯಿದ್ದರೂ ಕಾಲು ಆ ಕಡೆಗೇ ಜಾರುತ್ತದೆ. ಸಾಮಾನ್ಯವಾಗಿ ಇವು ಎಂ4 ಅಳತೆಯ, ತಲೆಯಿಲ್ಲದ ಅಲೆನ್ ಸ್ಕ್ರೂಗಳು, 2 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಹಳೆಯ ಪಿನ್ನೊಂದನ್ನು ಬಿಚ್ಚಿ ಉದ್ದ ಹೋಲಿಸಿ ತನ್ನಿ. ಕೀ ಹಾಕುವ ಮೊದಲು ಪಿನ್ನಿನ ನೆತ್ತಿಯ ಗುಂಡಿಯಲ್ಲಿ ಸೇರಿದ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಇಲ್ಲದಿದ್ದರೆ ಕೀ ಪೂರ್ತಿ ಇಳಿಯದೆ ಗುಂಡಿ ದುಂಡಗಾಗಿ, ಆಮೇಲೆ ಇಕ್ಕಳದಿಂದ ಕೀಳುವ ಪಾಡು. ಹೊಸ ಪಿನ್ನಿಗೆ ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಚ್ಚಿ ಕೂರಿಸಿ. ಕೆಂಪು ಬೇಡ, ಮತ್ತೆ ಬಿಚ್ಚಲಾಗದು. ಹಿಂಬದಿಯಿಂದ ಹಾಕುವ, ತಲೆಯಿರುವ ಪಿನ್‌ಗಳ ಪೆಡಲ್ ಸಿಕ್ಕಿದರೆ ಅದು ಇನ್ನೂ ಒಳ್ಳೆಯದು. ಮೇಲಿನ ತುದಿ ಜಜ್ಜಿಹೋದರೂ ಕೀ ಹಾಕುವ ತಲೆ ಸುರಕ್ಷಿತವಾಗಿರುತ್ತದೆ. ಇಂಥವುಗಳಲ್ಲಿ ಕೆಲವಕ್ಕೆ ತಲೆಯಡಿ ವಾಷರ್ ಇರುತ್ತದೆ, ಅದನ್ನು ತೆಗೆದರೆ ಪಿನ್ನು ಅಷ್ಟೇ ಎತ್ತರವಾಗುತ್ತದೆ.

ತಿರುಗದ ಪೆಡಲ್

ಹಿಡಿತವೆಲ್ಲ ಸರಿಯಿದ್ದು, ಕ್ರ್ಯಾಂಕ್ ಕೆಳಗೆ ಬಂದಾಗ ಮಾತ್ರ ಕಾಲು ಕಳಚುತ್ತದೆ ಎಂದಾದರೆ ಬೇರಿಂಗ್ ನೋಡಿ. ಪೆಡಲ್ ತನ್ನ ಅಚ್ಚಿನ ಮೇಲೆ ಸಲೀಸಾಗಿ ತಿರುಗಿದರೆ ಪಾದದ ಕೋನ ಹೇಗಿದೆಯೋ ಹಾಗೆ ಅದು ಹೊಂದಿಕೊಳ್ಳುತ್ತದೆ. ನೀರು ಹೋಗಿ ಗ್ರೀಸ್ ತೊಳೆದು ಬಿಗಿಯಾದರೆ ಪೆಡಲ್ ಕ್ರ್ಯಾಂಕಿನ ಜೊತೆಗೇ ವಾಲಿ, ಪಾದವನ್ನು ಹೊರದಬ್ಬುತ್ತದೆ. ಕೈಯಿಂದ ತಿರುಗಿಸಿ ಬಿಡಿ: ಹೊಸ ಪೆಡಲಾದರೆ ಸ್ವಲ್ಪ ಬಿಗಿಯಿರುವುದು ಸಹಜ, ಆದರೆ ಕರಕರ ಎನ್ನಬಾರದು, ತಡೆತಡೆದು ತಿರುಗಬಾರದು. ಅಚ್ಚಿಗೆ ಅಡ್ಡವಾಗಿ ಅಲ್ಲಾಡಿಸಿದರೆ ಟಕಟಕ ಆಡಬಾರದು. ತಿರುಗುವಾಗ ಪೆಡಲಿನ ಹೊರತುದಿ ಮೇಲೆ ಕೆಳಗೆ ಓಲಾಡಿದರೆ ಅಚ್ಚು ಬಾಗಿದೆ, ಅದಕ್ಕೆ ಮದ್ದಿಲ್ಲ.

ಕಪ್ (ಗುಂಡುಗಳು ಕೂರುವ ಬಟ್ಟಲು) ಮತ್ತು ಕೋನ್ (ಅವನ್ನು ಒತ್ತಿ ಹಿಡಿಯುವ ಶಂಕು) ಇರುವ ಪೆಡಲನ್ನು ಬಿಚ್ಚಬಹುದು. ಹೊರತುದಿಯ ಮುಚ್ಚಳ, ಅದರೊಳಗೆ ಲಾಕ್‌ನಟ್, ವಾಷರ್, ಕೋನ್. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ, ಎರಡೂ ಬದಿಯಲ್ಲಿ ಎಷ್ಟೆಷ್ಟು ಗುಂಡುಗಳಿದ್ದವು ಎಂದು ಎಣಿಸಿ. ಬಹುತೇಕ 5/32 ಇಂಚಿನವು, ಆದರೂ ಒಂದನ್ನು ಅಂಗಡಿಗೆ ಒಯ್ದು ಹೋಲಿಸಿ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಕಪ್ ತುಂಬ ಗ್ರೀಸ್ ಮೆತ್ತಿ ಗುಂಡುಗಳನ್ನು ಅಂಟಿಸಿ ಕೂರಿಸಿ. ಕೋನನ್ನು ಬೆರಳಲ್ಲೇ ಆಟ ನಿಲ್ಲುವವರೆಗೆ ತಿರುಗಿಸಿ, ಅರ್ಧಪಾವಿನಷ್ಟು, ಎಂದರೆ ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು ಲಾಕ್‌ನಟ್ ಬಿಗಿಯಿರಿ. ರಿವೆಟ್ ಹೊಡೆದು ಮುಚ್ಚಿದ ಪೆಡಲಿಗೆ ಈ ಶ್ರಮ ಬೇಡ, ಬದಲಿಸಿ.

ಶೂ: ಮೆತ್ತಗಿನ, ಸಮತಟ್ಟಾದ ಅಟ್ಟೆ

ಪಿನ್ ಪೆಡಲಿಗೆ ಬೇಕಾದ್ದು ಉಗುರು ಒತ್ತಿದರೆ ತಗ್ಗುವ ರಬ್ಬರು, ಹೆಬ್ಬೆರಳ ಉಬ್ಬಿನ ಕೆಳಗೆ ಸಮತಟ್ಟು, ಮಡಚಿದರೆ ಪೂರ್ತಿ ಮಡಚಿಕೊಳ್ಳದಷ್ಟು ಬಿಗಿ. ಈ ಕೆಲಸಕ್ಕೆಂದೇ ಶೂಗಳಿವೆ. ಬಂಡೆ ಹತ್ತುವವರ ರಬ್ಬರನ್ನು ಸೈಕಲ್ ಶೂವಿಗೆ ತಂದ ಫೈವ್ ಟೆನ್ ಇವುಗಳಲ್ಲಿ ಹೆಸರಾದದ್ದು (2011ರಿಂದ ಅಡಿಡಾಸ್ ಒಡೆತನದಲ್ಲಿದೆ). ಅಷ್ಟು ಹಣ ಹಾಕಲೇಬೇಕೆಂದಿಲ್ಲ. ಚಪ್ಪಟೆ ರಬ್ಬರ್ ಅಟ್ಟೆಯ ಸಾದಾ ಕ್ಯಾನ್ವಾಸ್ ಶೂ ಪಿನ್ನಿನ ಮೇಲೆ ಚೆನ್ನಾಗಿ ಕೂರುತ್ತದೆ, ಬೇಗ ಒಣಗುತ್ತದೆ. ಅಟ್ಟೆ ತೆಳುವಾದ್ದರಿಂದ ಪಿನ್ನಿನ ಒತ್ತು ಅಂಗಾಲಿಗೆ ತಿಳಿಯುತ್ತದೆ; ಒಳಗೊಂದು ಗಟ್ಟಿ ಒಳಅಟ್ಟೆ ಹಾಕಿದರೆ ಆಯಿತು.

ರನ್ನಿಂಗ್ ಶೂವಿನ ಅಡಿಯಲ್ಲಿ ಅರ್ಧ ಮೆತ್ತನೆಯ ಫೋಮು, ಅರ್ಧ ಗಡುಸು ರಬ್ಬರಿನ ತೇಪೆ. ಪಿನ್ನು ಫೋಮಿನ ಮೇಲೆ ಬಿದ್ದರೆ ಕಚ್ಚುತ್ತದೆ, ಜೊತೆಗೆ ಹರಿದೂ ಹಾಕುತ್ತದೆ. ತೇಪೆಯ ಮೇಲೆ ಬಿದ್ದರೆ ಜಾರುತ್ತದೆ. ಶಾಲೆಯ ಕಪ್ಪು ಶೂವಿನ ಪಿವಿಸಿ ಅಟ್ಟೆ ಗಡುಸು, ನುಣುಪು. ಅದರ ಜೊತೆ ಸವೆದ ಪ್ಲಾಸ್ಟಿಕ್ ಪೆಡಲ್ ಸೇರಿದರೆ ಮಳೆಯಲ್ಲಿ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ, ಶಾಲೆಗೆ ಹೋಗುವ ಮಕ್ಕಳ ಕಾಲಲ್ಲಿ ಇರುವುದು ಹೆಚ್ಚಾಗಿ ಅದೇ. ಸಮವಸ್ತ್ರದ ಶೂ ಬದಲಿಸುವಂತಿಲ್ಲ, ಪೆಡಲ್ ಬದಲಿಸಬಹುದು. ತೋಟದ ಗಂಬೂಟು ಸೈಕಲ್ಲಿಗೆ ಆಗುವುದೇ ಇಲ್ಲ: ಒಳಗೆ ಪಾದ ಸಡಿಲ, ಅಡಿಯಲ್ಲಿ ಆಳದ ಗಟ್ಟೆ, ಮೇಲಿನಿಂದ ನೀರು ಹೋದರೆ ಹೊರಬರಲು ದಾರಿಯಿಲ್ಲ.

ಕಳೆದ ಮಳೆಗಾಲದ ಶೂವನ್ನು ಅಟ್ಟದಿಂದ ಇಳಿಸಿ ಹಾಕುವ ಮೊದಲು ಅಟ್ಟೆ ಮಡಚಿ ನೋಡಿ. ಪಿಯು ಎನ್ನುವ ಪಾಲಿಯುರಿಥೇನ್ ಅಟ್ಟೆಗಳು ತೇವದ ಹವೆಯಲ್ಲಿ ಸುಮ್ಮನೆ ಇಟ್ಟರೂ ಒಳಗೊಳಗೇ ಕರಗಿ ಪುಡಿಯಾಗುತ್ತವೆ. ಹೊರಗೆ ಹೊಸದರಂತೆ ಕಾಣುವ ಶೂ ಮೊದಲ ಏರಿನಲ್ಲೇ ಅಟ್ಟೆ ಕಳಚಿ ಕೈಕೊಡುತ್ತದೆ.

ಪೆಡಲ್ ಬದಲಿಸುವಾಗ

ಕೊಳ್ಳುವ ಮೊದಲು ಥ್ರೆಡ್ ನೋಡಿ. ಕ್ರ್ಯಾಂಕ್ ಎರಡೂ ಬದಿಗೆ ಬೇರೆ ಬೇರೆ ತುಂಡಾಗಿದ್ದರೆ 9/16 ಇಂಚು. ಎಡದಿಂದ ಬಲಕ್ಕೆ ಒಂದೇ ಕಬ್ಬಿಣದ ಸರಳನ್ನು ಬಗ್ಗಿಸಿ ಮಾಡಿದ ಕ್ರ್ಯಾಂಕ್ ಆದರೆ (ಮಕ್ಕಳ ಸೈಕಲ್ಲಿನಲ್ಲಿ ಸಾಮಾನ್ಯ) 1/2 ಇಂಚು. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

15 ಮಿ.ಮೀ. ಸ್ಪ್ಯಾನರ್ ಬೇಕು, ಕೆಲವಕ್ಕೆ ಅಚ್ಚಿನ ಹಿಂಬದಿಯಿಂದ 6 ಅಥವಾ 8 ಮಿ.ಮೀ. ಅಲೆನ್ ಕೀ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ. ಎಡ ಬಲ ನೆನಪಿಡುವ ತಲೆನೋವು ಬೇಡವೆಂದರೆ, ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಾಕಿ: ಎರಡೂ ಕಡೆಯೂ ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ. ಮುಂದೆ ಒಂದಕ್ಕಿಂತ ಹೆಚ್ಚು ಚೈನ್‌ವೀಲ್ ಇದ್ದರೆ ಬಲಗಡೆಯದನ್ನು ಬಿಚ್ಚುವಾಗ ಚೈನ್ ದೊಡ್ಡದರ ಮೇಲಿರಲಿ, ಕೈ ಜಾರಿದರೆ ಹಲ್ಲಿಗೆ ಕೊಯ್ಯುವುದು ತಪ್ಪುತ್ತದೆ. ಬಿಚ್ಚಲಾಗದಷ್ಟು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ.

ಹೊಸ ಪೆಡಲಿನ ಅಚ್ಚಿನ ತುದಿಯಲ್ಲಿ ಎಡ, ಬಲದ ಗುರುತು ಇಂಗ್ಲಿಷಿನ ಎಲ್ ಮತ್ತು ಆರ್ ಅಕ್ಷರಗಳಲ್ಲಿರುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಿನಿಂದಲೇ ಹಾಕಿ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಕಚ್ಚಿದೆ, ಬಿಚ್ಚಿ ಮತ್ತೆ ಶುರುಮಾಡಿ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಹೋಗುವುದು ಪೆಡಲ್ ಅಲ್ಲ, ಕ್ರ್ಯಾಂಕ್. ಕೊನೆಯ ಬಿಗಿತ 35ರಿಂದ 40 ನ್ಯೂಟನ್ ಮೀಟರ್. ಅಳೆಯುವ ಸಾಧನವಿಲ್ಲದಿದ್ದರೆ 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 15 ಕೆ.ಜಿ. ಭಾರ ಹಾಕಿದಷ್ಟು.

ಕ್ಲಿಪ್ ಪೆಡಲ್ ಇರುವವರಿಗೆ

ಶೂ ಪೆಡಲಿಗೇ ಸಿಕ್ಕಿಕೊಳ್ಳುವುದರಿಂದ ಮಳೆಯಲ್ಲಿ ಜಾರುವ ಮಾತಿಲ್ಲ ಎನ್ನುತ್ತಾರೆ, ಸಿಕ್ಕಿಕೊಂಡಿರುವವರೆಗೆ ಅದು ನಿಜ. ಮಳೆಗಾಲಕ್ಕೆ ಶಿಮಾನೊ ಕಂಪನಿಯ ಎರಡು ಬೋಲ್ಟಿನ ಎಸ್‌ಪಿಡಿ ಸರಿ. ಅದರ ಕ್ಲೀಟು (ಅಟ್ಟೆಗೆ ಬಿಗಿಯುವ, ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ಅಟ್ಟೆಯ ಗುಂಡಿಯೊಳಗೆ ಕೂರುವುದರಿಂದ ನಡೆಯಬಹುದು. ಮೂರು ಬೋಲ್ಟಿನ ರೋಡ್ ಕ್ಲೀಟು ಪ್ಲಾಸ್ಟಿಕ್ಕಿನದು, ಅಟ್ಟೆಯ ಹೊರಗಿರುತ್ತದೆ, ಒದ್ದೆ ಟೈಲ್ಸ್ ಮೇಲೆ ಅದನ್ನು ಹಾಕಿ ನಡೆಯುವುದೇ ಅಪಾಯ. ಹಾಕಿದರೆ ಕೂರುತ್ತಿಲ್ಲ ಎಂದರೆ ಕ್ಲೀಟಿನ ಸುತ್ತ ಮಣ್ಣು ಗಟ್ಟಿಯಾಗಿದೆ, ಸ್ಕ್ರೂಡ್ರೈವರಿನಿಂದ ಕೆದಕಿ. ಕೂತದ್ದು ತಾನಾಗಿ ಬಿಡುತ್ತಿದ್ದರೆ ಕ್ಲೀಟಿನ ಮೂತಿ ಸವೆದಿದೆ, ಅಥವಾ ಬೋಲ್ಟ್ ಸಡಿಲ (4 ಮಿ.ಮೀ. ಅಲೆನ್, 5ರಿಂದ 6 ನ್ಯೂಟನ್ ಮೀಟರ್). ಎಸ್‌ಎಚ್‌56 ಕ್ಲೀಟ್ ಹಲವು ದಿಕ್ಕಿಗೆ ಬಿಡುವಂಥದ್ದು. ಹೊಸಬರಿಗೆ ಅದು ಅನುಕೂಲ, ಏರಿನಲ್ಲಿ ನಿಂತು ಎಳೆಯುವವರಿಗೆ ಪಕ್ಕಕ್ಕೆ ತಿರುಚಿದರೆ ಮಾತ್ರ ಬಿಡುವ ಎಸ್‌ಎಚ್‌51 ಬೇಕು.

ಸೀಟು

ಸೀಟು ಎತ್ತರವಾಗಿದ್ದರೆ ಪೆಡಲ್ ಕೆಳಗೆ ಹೋದಾಗ ಬೆರಳ ತುದಿ ಮಾತ್ರ ತಾಗಿರುತ್ತದೆ, ಭಾರ ಇಲ್ಲದ ಕಡೆ ಯಾವ ಪಿನ್ನೂ ಕಚ್ಚುವುದಿಲ್ಲ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಮೊಣಕಾಲು ಸರಿಯಾಗಿ ನೇರವಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಗುಂಡಿಯ ರಸ್ತೆಯಲ್ಲಿ ತುಳಿಯುವುದನ್ನು ನಿಲ್ಲಿಸಿದಾಗ ಎರಡೂ ಪೆಡಲ್ ಸಮ ಎತ್ತರದಲ್ಲಿರಲಿ, ಹಿಮ್ಮಡಿ ಸ್ವಲ್ಪ ಕೆಳಗಿರಲಿ. ಹಿಮ್ಮಡಿ ಮೇಲಿದ್ದರೆ ಸೈಕಲ್ ಎಗರಿದಾಗ ಪಾದ ಮುಂದಕ್ಕೆ ಚಿಮ್ಮುತ್ತದೆ.

ನೀರು ಹಾಕಿ ನೋಡುವುದು

ಸರಿಪಡಿಸಿದ ಮೇಲೆ ಮಳೆ ಬರಲೆಂದು ಕಾಯಬೇಕಿಲ್ಲ. ಪೆಡಲಿಗೂ ಅಟ್ಟೆಗೂ ಒಂದೊಂದು ಚೊಂಬು ನೀರು ಸುರಿಯಿರಿ. ಪಕ್ಕದಲ್ಲಿ ಗೋಡೆ ಹಿಡಿದು, ಬ್ರೇಕ್ ಒತ್ತಿ, ಎರಡೂ ಪೆಡಲ್ ಸಮ ಮಾಡಿ ನಿಲ್ಲಿ. ಹಿಮ್ಮಡಿ ತಿರುಚಿ, ಆಮೇಲೆ ಪಾದವನ್ನು ಹೊರಕ್ಕೆ ತಳ್ಳಿ. ಭಾರ ಹಾಕಿದಾಗ ಅಲುಗದೆ, ಭಾರ ತೆಗೆದಾಗ ಸುಲಭವಾಗಿ ಎದ್ದು ಬಂದರೆ ಸರಿ. ಎರಡು ಪಾದಗಳಲ್ಲಿ ಒಂದು ಮಾತ್ರ ಜಾರಿದರೆ ಶೂಗಳನ್ನು ದೂರಬೇಡಿ, ಆ ಬದಿಯ ಪೆಡಲಿನ ಪಿನ್‌ಗಳನ್ನು ಎಣಿಸಿ. ಈ ಪರೀಕ್ಷೆಯನ್ನು ಪ್ಯಾಂಟು ಹಾಕಿ ಮಾಡಿ, ಚಡ್ಡಿಯಲ್ಲಿ ಬೇಡ. ಪಿನ್ನು ಕಣಕಾಲಿಗೆ ಗೀರಿದರೆ ಸೋಪು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ಗಾಯ ಆಳವಾಗಿದ್ದರೆ ಅಥವಾ ಟಿಟಿ ಚುಚ್ಚಿಸಿ ಬಹಳ ವರ್ಷಗಳಾಗಿದ್ದರೆ ಅಂದೇ ವೈದ್ಯರ ಬಳಿ ಹೋಗಿ.